ಕೆಲಸ ಬಿಡದೆ ಶಾಲಾ ನಾಯಕತ್ವದಲ್ಲಿ ಪಿಜಿ ಮಾಡ್ಲಿಕ್ಕೆ ಆಗ್ತದಾ? ಉಡುಪಿ, ಮಂಗಳೂರು ಕಡೆ ಮಾಡಿದವರು ಇದ್ರೆ ಹೇಳಿ

ಕಾಪು_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಹತ್ತಿರ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್, ಓದಿದ್ದು ಎಂಎಸ್ಸಿ ಬಿಎಡ್. ನಮ್ಮ ಹೆಡ್‌ಮಾಷ್ಟ್ರು ರಿಟೈರ್ ಆದ ಮೇಲೆ ಸೀನಿಯಾರಿಟಿಯಲ್ಲಿ ನಾನೇ ಮುಂದೆ ಇದ್ದದ್ದು ಹಾಗಾಗಿ ಪ್ರಭಾರ ನನ್ನ ಮೇಲೆ ಬಂತು, ಖಾಲಿಯಾದ ಪೋಸ್ಟುಗಳು ತುಂಬಲೇ ಇಲ್ಲ, ಮ್ಯಾನೇಜ್‌ಮೆಂಟಿನವರು ಗೌರವಧನ ಕೊಟ್ಟು ಇಟ್ಟುಕೊಂಡ ಚಿಕ್ಕ ಪ್ರಾಯದ ಟೀಚರುಗಳೇ ಈಗ ನಮ್ಮಲ್ಲಿ ಜಾಸ್ತಿ.

ಪಾಠ ಮಾಡ್ಲಿಕ್ಕೆ ನನಗೆ ಗೊತ್ತುಂಟು. ಆದ್ರೆ ಒಬ್ಬ ಟೀಚರಿನ ಕ್ಲಾಸಲ್ಲಿ ಹಿಂದೆ ಕೂತು ನೋಡಿ ಬಂದು, ಅವರ ಮನಸ್ಸು ಮುರಿಯದ ಹಾಗೆ ಎಂತ ಹೇಳುದು, ಪಾಲಕರ ಸಭೆಯಲ್ಲಿ ಯಾರೂ ಬಾಯಿ ಬಿಡದಿದ್ರೆ ಎಂತ ಮಾಡುದು, ಇರುವ ಸ್ವಲ್ಪ ದುಡ್ಡಲ್ಲಿ ಲ್ಯಾಬ್ ಮೊದಲಾ ಟಾಯ್ಲೆಟ್ ರಿಪೇರಿ ಮೊದಲಾ ಅಂತ ಹೇಗೆ ತೀರ್ಮಾನ ಮಾಡುದು, ಇದನ್ನೆಲ್ಲ ಬಿಎಡ್‌ನಲ್ಲಿ ಯಾರೂ ಕಲಿಸ್ಲಿಲ್ಲ. ಸರಿಯಾಗಿ ಕಲೀಬೇಕು ಅಂತ ಉಂಟು. ಎಂಎಡ್ ಮಾಡುವ ಅಂದ್ರೆ ರಜೆ ಹಾಕಿ ಕಾಲೇಜಿಗೆ ಹೋಗ್ಬೇಕು, ಅದು ಸಾಧ್ಯವೇ ಇಲ್ಲ, ಮನೇಲಿ ಅತ್ತೆಗೆ ಹುಷಾರಿಲ್ಲ ಮಗ ಪಿಯುಸಿ. ಇಗ್ನೋದಲ್ಲಿ (ಇಂದಿರಾ ಗಾಂಧಿ ಮುಕ್ತ ವಿವಿ, ದೂರಶಿಕ್ಷಣ) ಎಂಎ ಎಜುಕೇಶನ್ ಉಂಟು, ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಉಂಟು ಅಂತ ಒಬ್ಬರು ಹೇಳಿದ್ರು, ಇನ್ನೊಬ್ಬರು ಫಾರಿನ್ ಯೂನಿವರ್ಸಿಟಿಯದ್ದು ಆನ್‌ಲೈನ್ ಮಾಡಿ ಅಂತಾರೆ. ಯಾವುದು ನಿಜವಾಗಿ ಶಾಲೆಗೆ ಉಪಯೋಗ ಆಗ್ತದೆ? ಪ್ರಮೋಷನ್‌ಗೆ ಸಹಾಯ ಉಂಟಾ? ಟೈಮ್ ಎಲ್ಲಿಂದ ತರುದು?

---

ಬಿಸಿರೋಡ್_ಮಾಷ್ಟ್ರು

ಟೀಚರ್, ಪ್ರಮೋಷನ್ ವಿಷಯ ಮೊದಲು ಹೇಳ್ತೇನೆ, ಯಾಕಂದ್ರೆ ತುಂಬ ಜನ ಅದನ್ನೇ ನಂಬಿ ಫೀಸು ಕಟ್ತಾರೆ. ನಾನು ಸರ್ಕಾರಿ ಪ್ರೌಢಶಾಲೆ ಹೆಡ್‌ಮಾಷ್ಟ್ರು. ನಮ್ಮಲ್ಲಿ ಸಹ ಶಿಕ್ಷಕರಿಂದ ಮುಖ್ಯ ಶಿಕ್ಷಕರಾಗುದು ಸೀನಿಯಾರಿಟಿ ಪಟ್ಟಿ ನೋಡಿ, ನಾಯಕತ್ವದ ಡಿಗ್ರಿ ಉಂಟು ಅಂತ ಯಾರನ್ನೂ ಮುಂದೆ ತರುದಿಲ್ಲ. ಅನುದಾನಿತದಲ್ಲಿ ಮ್ಯಾನೇಜ್‌ಮೆಂಟ್ ಪ್ರಸ್ತಾವನೆ ಕಳಿಸಿ ಇಲಾಖೆ ಒಪ್ಪಿಗೆ ಕೊಡ್ಬೇಕು, ಅಲ್ಲಿಯೂ ಸೇವಾ ಹಿರಿತನವೇ ಮುಖ್ಯ. ಪ್ರೈವೇಟ್ ಸಿಬಿಎಸ್‌ಇ ಶಾಲೆಗೆ ಅಪ್ಲಿಕೇಶನ್ ಹಾಕುದಾದ್ರೆ ಬೇರೆ ಮಾತು, ಅಲ್ಲಿ ಇಂಟರ್‌ವ್ಯೂನಲ್ಲಿ ಇದಕ್ಕೆ ಬೆಲೆ ಉಂಟು. ಹಾಗಾಗಿ ನೀವು ಬರೆದ ಹಾಗೆ ಕಲೀಬೇಕು ಅಂತ ಇದ್ರೆ ಮಾಡಿ, ಅದು ಸರಿಯಾದ ಕಾರಣ.

ಎಂಎಡ್ ಬಗ್ಗೆ ನೀವು ಹೇಳಿದ್ದು ಹೌದು. ಶಿಕ್ಷಕರ ಶಿಕ್ಷಣ ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮ ಬಂದ ಮೇಲೆ ಅದು 2 ವರ್ಷದ ಕೋರ್ಸ್ ಆಯ್ತು, ಆ ನಿಯಮದಲ್ಲಿ ದೂರಶಿಕ್ಷಣಕ್ಕೆ ಅಂತ ಇಟ್ಟದ್ದು ಡಿಎಲ್‌ಎಡ್ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಮತ್ತು ಬಿಎಡ್ ಮಾತ್ರ, ಎಂಎಡ್ ಇಲ್ಲ. ಯಾರಾದ್ರೂ ಏಜೆಂಟು ಫೋನ್ ಮಾಡಿ "ಕ್ಲಾಸಿಗೆ ಬರುದೇ ಬೇಡ ಎಂಎಡ್ ಮಾಡಿಸಿ ಕೊಡ್ತೇವೆ" ಅಂದ್ರೆ ದಯವಿಟ್ಟು ಫೋನ್ ಇಟ್ಟುಬಿಡಿ. ಎಂಎ ಎಜುಕೇಶನ್ ಬೇರೆ ಎಂಎಡ್ ಬೇರೆ, ಒಂದರ ಬದಲು ಇನ್ನೊಂದು ಎಲ್ಲಾ ಕಡೆ ನಡೆಯುದಿಲ್ಲ, ಮುಂದೆ ಬಿಎಡ್ ಕಾಲೇಜಲ್ಲಿ ಪಾಠ ಮಾಡುವ ಆಸೆ ಇದ್ರೆ ಆ ಹುದ್ದೆಯ ಅರ್ಹತೆ ನೋಡಿಯೇ ಸೇರಿ.

ಇನ್ನೊಂದು ಮುಖ್ಯ. ಸೇರುವ ಮೊದಲೇ ಲಿಖಿತ ಅನುಮತಿ ತಗೊಳ್ಳಿ. ನಾವು ಸರ್ಕಾರಿಯವರು ಇಲಾಖೆಯಿಂದ ತಗೊಳ್ಬೇಕು, ನೀವು ಆಡಳಿತ ಮಂಡಳಿಯ ಮೂಲಕ ಬಿಇಒ ಆಫೀಸಿಗೆ ಕಳಿಸಿ. ಡಿಗ್ರಿ ಮುಗಿದ ಮೇಲೆ ಸೇವಾ ಪುಸ್ತಕದಲ್ಲಿ ನಮೂದಿಸುವಾಗ "ಅನುಮತಿ ಪತ್ರ ಎಲ್ಲಿ" ಅಂತ ಕೇಳ್ತಾರೆ, ಆಗ ಓಡಿ ಪ್ರಯೋಜನ ಇಲ್ಲ. ಮತ್ತೆ ಯಾವ ಯೂನಿವರ್ಸಿಟಿಯದ್ದಾದ್ರೂ ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಉಂಟಾ ನೋಡಿ. ನಮ್ಮ ರಾಜ್ಯದಲ್ಲೇ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆ ನಿಂತುಹೋಗಿ 2018ರಲ್ಲಿ ವಾಪಸ್ ಸಿಗುವವರೆಗೆ ಎಷ್ಟು ಜನ ಸರ್ಟಿಫಿಕೇಟ್ ಹಿಡ್ಕೊಂಡು ಒದ್ದಾಡಿದ್ರು ಅಂತ ಎಲ್ಲರಿಗೂ ಗೊತ್ತುಂಟು. ಈಗ ಮಾನ್ಯತೆ ಸರಿಯಾಗಿ ಉಂಟು, ಆದ್ರೂ ನೋಡಿಯೇ ಸೇರುವ ಅಭ್ಯಾಸ ಒಳ್ಳೇದು.

---

ಸುರತ್ಕಲ್_ಮೇಡಂ

ನಾನು ಮಂಗಳೂರಿನ ಒಂದು ಸಿಬಿಎಸ್‌ಇ ಶಾಲೆಯಲ್ಲಿ ವೈಸ್ ಪ್ರಿನ್ಸಿಪಾಲ್, ಇಗ್ನೋ ಎಂಎ ಎಜುಕೇಶನ್ ಕೆಲಸ ಮಾಡಿಕೊಂಡೇ ಮುಗಿಸಿದೆ. ಸ್ವಲ್ಪ ಉದ್ದ ಬರೀತೇನೆ ಬೇಜಾರು ಮಾಡ್ಬೇಡಿ.

ಕನಿಷ್ಠ 2 ವರ್ಷ, ಗರಿಷ್ಠ 4 ವರ್ಷ ಟೈಮ್ ಕೊಡ್ತಾರೆ, ಜನವರಿ ಮತ್ತು ಜುಲೈ ಎರಡು ಸಲ ಅಡ್ಮಿಷನ್. ಮೊದಲ ವರ್ಷ ಶಿಕ್ಷಣದ ತತ್ವ, ಕಲಿಕೆ, ಸಮಾಜ, ಸಂಶೋಧನೆ ಅಂತ ಎಲ್ಲರಿಗೂ ಒಂದೇ. ಎರಡನೇ ವರ್ಷ ಒಂದು ವಿಶೇಷ ವಿಷಯ ಆರಿಸ್ಬೇಕು, ಅದರಲ್ಲಿ ಎಜುಕೇಶನಲ್ ಮ್ಯಾನೇಜ್‌ಮೆಂಟ್ ಉಂಟು, ನಿಮಗೆ ಬೇಕಾದ್ದು ಅದೇ. ಜೊತೆಗೆ ಡಿಸರ್ಟೇಶನ್, ಅಂದ್ರೆ ಸಂಶೋಧನಾ ಪ್ರಬಂಧ ಮಾಡ್ಲೇಬೇಕು. ಪ್ರತಿ ಪೇಪರಿಗೆ ಅಸೈನ್‌ಮೆಂಟಿಗೆ 30, ಪರೀಕ್ಷೆಗೆ 70ರ ಲೆಕ್ಕ. ಬರೀಲಿಕ್ಕೆ ಇಂಗ್ಲಿಷ್ ಅಥವಾ ಹಿಂದಿ ಮಾತ್ರ, ಕನ್ನಡ ಇಲ್ಲ, ಇದು ನಮ್ಮ ಕನ್ನಡ ಮೀಡಿಯಂ ಟೀಚರುಗಳಿಗೆ ದೊಡ್ಡ ಅಡ್ಡಿ, ನನಗೆ ಈಗಲೂ ಇದು ತುಂಬ ಬೇಸರದ ವಿಷಯ. ಇಷ್ಟು ಉದ್ದ ಬೇಡ ಅಂದ್ರೆ ಶೈಕ್ಷಣಿಕ ನಿರ್ವಹಣೆ ಮತ್ತು ಆಡಳಿತದ ಪಿಜಿ ಡಿಪ್ಲೊಮಾ ಉಂಟು, ಶಾಲಾ ನಾಯಕತ್ವ ಮತ್ತು ನಿರ್ವಹಣೆ ಅಂತಲೇ ಇನ್ನೊಂದು ಪಿಜಿ ಡಿಪ್ಲೊಮಾ ಸಹ ಉಂಟು.

ಈಗ ಟೈಮ್. ಇಗ್ನೋದಲ್ಲಿ ಒಂದು ಕ್ರೆಡಿಟ್ ಅಂದ್ರೆ 30 ಗಂಟೆ ಓದು ಅಂತ ಲೆಕ್ಕ, ಅಂದ್ರೆ ಒಂದು ಪೇಪರು 4 ಕ್ರೆಡಿಟ್‌ದ್ದಾದ್ರೆ 120 ಗಂಟೆ. ಅದು ಹೇಗಾದ್ರೂ ಹೊಂದಿಸಬಹುದು. ನಿಜವಾದ ಕಷ್ಟ ಪರೀಕ್ಷೆಯ ತಿಂಗಳು. ಟರ್ಮ್ ಎಂಡ್ ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಜೂನ್ ಅಂದ್ರೆ ಶಾಲೆ ಶುರುವಾಗುವ ಗಡಿಬಿಡಿ, ಅಡ್ಮಿಷನ್, ಟಿಸಿ, ಪುಸ್ತಕ ಹಂಚುದು, ಹೊರಗೆ ಜಡಿಮಳೆ, ಡಿಸಿ ಯಾವತ್ತು ರಜೆ ಕೊಡ್ತಾರೆ ಅಂತ ಪಾಲಕರ ಫೋನು ಬೆಳಿಗ್ಗೆ ಐದೂವರೆಗೇ. ಡಿಸೆಂಬರ್ ಅಂದ್ರೆ ನಮ್ಮ ಕಡೆ ಎಲ್ಲಾ ಶಾಲೆಯದ್ದೂ ವಾರ್ಷಿಕೋತ್ಸವ, ಸ್ಪೋರ್ಟ್ಸ್ ಡೇ. ಹಾಗಾಗಿ ನನ್ನ ಸಲಹೆ ಎಲ್ಲಾ ಪೇಪರು ಒಂದೇ ಸಲ ಬರೀಲಿಕ್ಕೆ ಹೋಗ್ಬೇಡಿ, ಎರಡೆರಡು ಬರೀರಿ, 4 ವರ್ಷ ಕೊಟ್ಟದ್ದು ನಮ್ಮಂಥವರಿಗೆ ಅಂತಲೇ. ಅಸೈನ್‌ಮೆಂಟನ್ನು ದಸರಾ ರಜೆ ಮತ್ತು ಏಪ್ರಿಲ್ ವ್ಯಾಲ್ಯುಯೇಶನ್ ಮುಗಿದ ಮೇಲಿನ ದಿನಗಳಿಗೆ ಇಟ್ಟುಕೊಳ್ಳಿ.

ಫೀಸು ಕಟ್ಟುವ ಮೊದಲು ಇಜ್ಞಾನಕೋಶ ವೆಬ್‌ಸೈಟಿಗೆ ಹೋಗಿ, ಇಗ್ನೋದ ಪುಸ್ತಕಗಳು ಅಲ್ಲಿ ಫ್ರೀ ಉಂಟು. ಎಂಇಎಸ್ 041ರಿಂದ 044ರವರೆಗಿನ ಪೇಪರ್ ಕೋಡಿನವು ಮ್ಯಾನೇಜ್‌ಮೆಂಟ್‌ನ ಪುಸ್ತಕಗಳು, ಒಂದೆರಡು ಬ್ಲಾಕ್ (ಭಾಗ) ಓದಿ ನೋಡಿ, ರುಚಿಸಿದ್ರೆ ಸೇರಿ ಇಲ್ಲದಿದ್ರೆ ದುಡ್ಡು ಉಳೀತು.

ಡಿಸರ್ಟೇಶನ್ ಮಾತ್ರ ನಿಮ್ಮ ಶಾಲೆಯ ಬಗ್ಗೆಯೇ ಮಾಡಿ. ತುಂಬ ಜನ ಯಾರದ್ದೋ ಪ್ರಶ್ನಾವಳಿ ತಂದು ನೂರು ಜನರಿಗೆ ಹಂಚಿ ಶೇಕಡಾ ಹಾಕಿ ಮುಗಿಸ್ತಾರೆ, ಅದರಿಂದ ಶಾಲೆಗೂ ಏನೂ ಸಿಗುದಿಲ್ಲ ಬರೆದವರಿಗೂ ಇಲ್ಲ. ನಾನು ನಮ್ಮ ಶಾಲೆಯಲ್ಲಿ ಹೊಸ ಟೀಚರುಗಳು ಯಾಕೆ ಒಂದೆರಡು ವರ್ಷಕ್ಕೇ ಬಿಟ್ಟು ಹೋಗ್ತಾರೆ ಅಂತ ಅವರ ಹತ್ತಿರವೇ ಕೂತು ಮಾತಾಡಿ ಬರೆದೆ. ಸಂಬಳ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಸಂಬಳ ಇತ್ತು, ಆದ್ರೆ ಅದಕ್ಕಿಂತ ಹೆಚ್ಚು ಬಂದ ಮಾತು, ಮೊದಲ ತಿಂಗಳು ಯಾರೂ ಬಂದು ಹೇಗಿದ್ದೀರಿ ಅಂತ ಕೇಳ್ಲಿಲ್ಲ, ನೇರ ಕಷ್ಟದ ಸೆಕ್ಷನ್ ಕೊಟ್ಟು ಬಿಟ್ರು ಅಂತ. ಆಮೇಲೆ ನಮ್ಮಲ್ಲಿ ಹೊಸಬರಿಗೆ ಒಬ್ಬ ಹಿರಿಯ ಟೀಚರನ್ನು ಜೋಡಿ ಮಾಡುವ ಪದ್ಧತಿ ಬಂತು.

---

ಕಾಪು_ಟೀಚರ್

ಥ್ಯಾಂಕ್ಸ್ ಸರ್, ಮೇಡಂ. ಜೂನ್ ಡಿಸೆಂಬರ್ ವಿಷಯ ನನ್ನ ತಲೆಗೇ ಹೋಗಿರ್ಲಿಲ್ಲ. ಇಂಗ್ಲಿಷಲ್ಲಿ ಓದ್ಲಿಕ್ಕೆ ತೊಂದರೆ ಇಲ್ಲ, ಬರೀಲಿಕ್ಕೆ ಅಭ್ಯಾಸ ತಪ್ಪಿದೆ, ಮಾಡ್ಬಹುದು.

ನಮ್ಮಲ್ಲಿ ಮಲ್ಪೆ ಕಡೆಯಿಂದ ಬರುವ ಮೀನುಗಾರರ ಮಕ್ಕಳು ತುಂಬ ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ಕಡಲಿಗೆ ಇಳಿಯುದಿಲ್ಲ ಅಲ್ವಾ, ಆ ಎರಡು ತಿಂಗಳು ಮನೆಯಲ್ಲಿ ಕೈಯಲ್ಲಿ ದುಡ್ಡು ಕಮ್ಮಿ, ಆದ್ರೆ ಅಪ್ಪಂದಿರು ಊರಲ್ಲೇ ಇರ್ತಾರೆ. ನಾವು ಪಾಲಕರ ಸಭೆ ಇಡುದು ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ಆಗ ಅವರೆಲ್ಲ ಕಡಲಲ್ಲಿ. ಸಭೆಯ ತಿಂಗಳು ಬದಲಿಸಿದ್ರೆ ಎಂತ ಆಗ್ತದೆ ಅಂತ ನೋಡುದು ಡಿಸರ್ಟೇಶನ್ ವಿಷಯ ಆಗ್ತದಾ? ತುಂಬ ಸಣ್ಣದಾಯ್ತಾ?

---

ಸುರತ್ಕಲ್_ಮೇಡಂ

ಸಣ್ಣದಲ್ಲ ಟೀಚರ್, ಇದೇ ಬೇಕಾದ್ದು!! ಗೈಡ್ ಹತ್ತಿರ ಪ್ರೊಪೋಸಲ್ ಒಪ್ಪಿಸುವಾಗ ತೋರಿಸ್ಲಿಕ್ಕೆ ಎರಡು ವರ್ಷದ ಸಭೆಯ ಹಾಜರಾತಿ ಪುಸ್ತಕ ಈಗಲೇ ತೆಗೆದಿಡಿ, ಹೋಲಿಸ್ಲಿಕ್ಕೆ ಬೇಕಾಗ್ತದೆ.

---

ಮಸ್ಕತ್_ಕುಂದಾಪ್ರ

ಹ್ವಾಯ್ ಎಲ್ಲರಿಗೂ ನಮಸ್ಕಾರ, ನಾನು ಕುಂದಾಪ್ರದವ, ಮಸ್ಕತ್‌ನಲ್ಲಿ ಇಂಡಿಯನ್ ಸ್ಕೂಲಲ್ಲಿ ಕೆಲಸ. ಯುಕೆಯ ಒಂದು ಯೂನಿವರ್ಸಿಟಿಯಿಂದ ಎಜುಕೇಶನಲ್ ಲೀಡರ್‌ಶಿಪ್ ಎಂಎ ಪಾರ್ಟ್ ಟೈಮ್ ಆನ್‌ಲೈನ್ ಮಾಡ್ತಾ ಇದ್ದೇನೆ, ಹಾಗಾಗಿ ಆ ಕಡೆಯದ್ದು ಹೇಳ್ತೇನೆ.

ಅಲ್ಲಿ ಪೂರ್ತಿ ಮಾಸ್ಟರ್ಸ್ ಅಂದ್ರೆ 180 ಕ್ರೆಡಿಟ್. ಅವರ ಒಂದು ಕ್ರೆಡಿಟ್ 10 ಗಂಟೆ, ಒಟ್ಟು 1800 ಗಂಟೆ ಆಯ್ತು. ಮಧ್ಯದಲ್ಲಿ ನಿಲ್ಲಿಸ್ಲಿಕ್ಕೆ ಆಗ್ತದೆ, ಇದು ನನಗೆ ತುಂಬ ಇಷ್ಟ ಆದ ವಿಷಯ, 60 ಕ್ರೆಡಿಟ್ ಆದ್ರೆ ಪಿಜಿ ಸರ್ಟಿಫಿಕೇಟ್, 120 ಆದ್ರೆ ಪಿಜಿ ಡಿಪ್ಲೊಮಾ, ಉಳಿದ 60 ಡಿಸರ್ಟೇಶನ್‌ದ್ದು. ಮನೆಯಲ್ಲಿ ಎಂತಾದ್ರೂ ತೊಂದರೆ ಬಂದು ಬಿಡಬೇಕಾಗಿ ಬಂದ್ರೂ ಮಾಡಿದ್ದು ಹಾಳಾಗುದಿಲ್ಲ. ಹೆಚ್ಚಿನ ಕಡೆ ಪರೀಕ್ಷೆ ಇಲ್ಲ, ಎಲ್ಲಾ ಬರಹ, ಒಂದೊಂದು ಮಾಡ್ಯೂಲಿಗೆ ಸಾವಿರಾರು ಪದದ ಪ್ರಬಂಧ. ನಿನ್ನ ಶಾಲೆಯಲ್ಲಿ ಒಂದು ಬದಲಾವಣೆ ಆರಿಸು, ಯಾರು ವಿರೋಧ ಮಾಡಿದ್ರು ಯಾಕೆ ಮಾಡಿದ್ರು, ನೀನು ಎಂತ ಮಾಡಿದೆ, ಓದಿದ ಸಿದ್ಧಾಂತ ಅದಕ್ಕೆ ಹೊಂದ್ತದಾ ಇಲ್ಲವಾ ಅಂತ ಬರೀಬೇಕು. ಸಿದ್ಧಾಂತ ಹೊಂದುದಿಲ್ಲ ಅಂತ ವಾದ ಮಾಡಿದ್ರೂ ಮಾರ್ಕ್ಸ್ ಕೊಡ್ತಾರೆ ಮರ್ರೆ, ಕಾರಣ ಗಟ್ಟಿ ಇರ್ಬೇಕು ಅಷ್ಟೆ.

ನಮ್ಮ ಗುಂಪಲ್ಲಿ ಕೆನ್ಯಾದವರು, ಮಲೇಷ್ಯಾದವರು ಇದ್ದಾರೆ. ಡಿಸ್ಟ್ರಿಬ್ಯೂಟೆಡ್ ಲೀಡರ್‌ಶಿಪ್ ಅಂತ ಒಂದು ಭಾಗ ಉಂಟು, ಅಂದ್ರೆ ನಾಯಕತ್ವ ಒಬ್ಬನ ಕುರ್ಚಿಯಲ್ಲಿ ಇಲ್ಲ, ಲ್ಯಾಬ್ ನೋಡುವವರು ಲೈಬ್ರರಿ ನೋಡುವವರು ಹಿರಿಯ ಟೀಚರು ಹೀಗೆ ಹಲವರ ನಡುವಿನ ಕೆಲಸದಲ್ಲಿ ಅದು ನಡೀತದೆ ಅಂತ. ಕೇಳ್ಲಿಕ್ಕೆ ಚಂದ, ಆದ್ರೆ ಹೆಡ್‌ಮಾಷ್ಟ್ರ ಎದುರು ಮಾತೇ ಎತ್ತದ ಕಡೆ ಇದು ಹೇಗೆ ಅಂತ ಚರ್ಚೆ ಬಂದಾಗ ಕೆನ್ಯಾದ ಟೀಚರು ನಮ್ಮದೇ ಕತೆ ಹೇಳಿದ್ರು, ನನಗೆ ಅಲ್ಲಿ ಬಹಳ ಧೈರ್ಯ ಬಂತು.

ಫೀಸು ಮಾತ್ರ ಲಕ್ಷಗಳ ಲೆಕ್ಕ. ಗಲ್ಫ್ ಸಂಬಳದಲ್ಲಿಯೇ ನನಗೆ ಯೋಚನೆ ಆಗ್ತದೆ, ಊರಿನ ಅನುದಾನಿತ ಶಾಲೆಯ ಸಂಬಳದಲ್ಲಿ ಸಾಲ ಮಾಡಿ ಮಾಡ್ಬೇಡಿ ಅಂತಲೇ ನಾನು ಹೇಳುದು. ಇಂಗ್ಲಿಷ್ ಪರೀಕ್ಷೆಯ ಸ್ಕೋರ್ ಕೇಳುವವರೂ ಇದ್ದಾರೆ. ಊರಲ್ಲಿ ಸರ್ಕಾರಿ ಅಥವಾ ಅನುದಾನಿತ ಹುದ್ದೆಗೆ ತೋರಿಸುದಾದ್ರೆ ಈಕ್ವಿವಲೆನ್ಸ್ ಸರ್ಟಿಫಿಕೇಟ್ (ನಮ್ಮ ಡಿಗ್ರಿಗೆ ಸಮ ಅನ್ನುವ ಪತ್ರ) ಬೇಕು, ವಿದೇಶಿ ಡಿಗ್ರಿಗೆ ಅದನ್ನು ಕೊಡುವ ಬಗ್ಗೆ ಯುಜಿಸಿ 2025ರಲ್ಲಿ ಹೊಸ ನಿಯಮ ತಂದಿದೆ, ಆನ್‌ಲೈನ್ ಡಿಗ್ರಿ ಆದ್ರೆ ಫೀಸು ಕಟ್ಟುವ ಮೊದಲೇ ಅಲ್ಲಿಗೆ ಬರೆದು ಉತ್ತರ ತರಿಸಿಕೊಳ್ಳಿ. ಹೊರಗೆ ಅಥವಾ ಇಂಟರ್‌ನ್ಯಾಷನಲ್ ಸ್ಕೂಲಲ್ಲಿ ಇರುವವರಿಗೆ ಇದು ಒಳ್ಳೇದು, ಕಾಪು ಟೀಚರಿಗೆ ಬೇಡ.

---

ಹೊಸ_ಮಾಷ್ಟ್ರು_ಕಾರ್ಕಳ

ಒಂದು ಪ್ರಶ್ನೆ, ತಪ್ಪು ತಿಳ್ಕೊಳ್ಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ಶೇ. 94 ತೆಗೆದು ರಾಜ್ಯಕ್ಕೆ ಫಸ್ಟ್, ದಕ್ಷಿಣ ಕನ್ನಡ ಸೆಕೆಂಡ್. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12 ಫಸ್ಟ್, ಉಡುಪಿ ಸೆಕೆಂಡ್. ಈ ಕೋರ್ಸ್ ಯಾವುದೂ ಮಾಡದ ಹೆಡ್‌ಮಾಷ್ಟ್ರುಗಳೇ ಇದನ್ನು ಮಾಡಿದ್ದು ಅಲ್ವಾ? ಮತ್ತೆ ನಾಯಕತ್ವದ ಓದು ಎಂತಕ್ಕೆ? ಒಳ್ಳೆ ಶಿಸ್ತು ಇದ್ರೆ ಶಾಲೆ ನಡೀತದೆ ಅಂತ ನನ್ನ ಅಭಿಪ್ರಾಯ.

---

ಕೊಡಿಯಾಲ್‌ಬೈಲ್

ಕಾರ್ಕಳದ ಮಾಷ್ಟ್ರು ಕೇಳಿದ್ದು ನ್ಯಾಯವಾದ ಪ್ರಶ್ನೆ. ನಾನು ಶಿಕ್ಷಕರ ತರಬೇತಿಯಲ್ಲೇ ಸರ್ವೀಸ್ ಮುಗಿಸಿದವನು, ಈಗ ನಿವೃತ್ತ, ಆದ್ರೂ ಈ ವಿಷಯ ಬಂದ್ರೆ ಸುಮ್ಮನೆ ಕೂರ್ಲಿಕ್ಕೆ ಆಗುದಿಲ್ಲ.

ನಮ್ಮ ಎರಡು ಜಿಲ್ಲೆಯ ರಿಸಲ್ಟ್ ಹಿಂದೆ ಮನೆಯವರ ಓದು ಉಂಟು, ನೂರಾರು ವರ್ಷದಿಂದ ಬಂದ ಶಾಲೆಗಳು ಉಂಟು, ರಾತ್ರಿ ಕ್ಲಾಸು ಮಾಡಿದ ಟೀಚರುಗಳ ಶ್ರಮ ಉಂಟು. ಹೆಡ್‌ಮಾಷ್ಟ್ರ ಪಾಲೂ ಖಂಡಿತ ಉಂಟು. ಆದ್ರೆ ಆ ಶೇಕಡಾ ಲೆಕ್ಕ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತವರದ್ದು. ಎಂಟನೇ ಕ್ಲಾಸಿಗೆ ಬಂದು ಕನ್ನಡ ಓದ್ಲಿಕ್ಕೆ ತಡಬಡಾಯಿಸುವ ಮಗು, ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗು, ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಮಾತಾಡಿ ಶಾಲೆಯಲ್ಲಿ ಬಾಯಿ ಮುಚ್ಚಿ ಕೂರುವ ಮಗು, ಇವರಿಗೆ ಎಂತ ಆಯ್ತು ಅಂತ ಆ ಲೆಕ್ಕ ಹೇಳುದಿಲ್ಲ. ಅದನ್ನು ನೋಡುದು ಮುಖ್ಯ ಶಿಕ್ಷಕರ ಕೆಲಸ, ಅದಕ್ಕೇ ಓದು ಬೇಕು.

ಶಿಸ್ತಿನ ವಿಷಯಕ್ಕೆ ಒಂದು ಸಂಶೋಧನೆ ಹೇಳ್ತೇನೆ. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ್ರು, ಮುಖ್ಯಸ್ಥರು ಮಾಡುವ ಯಾವ ಕೆಲಸದಿಂದ ಮಕ್ಕಳ ಕಲಿಕೆಗೆ ಹೆಚ್ಚು ಪರಿಣಾಮ ಅಂತ. ಸಂಖ್ಯೆ ದೊಡ್ಡದಾದಷ್ಟು ಪರಿಣಾಮ ಜಾಸ್ತಿ ಅಂತ ಅರ್ಥ. ಶಿಸ್ತಿನ ಒಳ್ಳೆ ವಾತಾವರಣ ಇಡುದಕ್ಕೆ ಬಂದದ್ದು 0.27. ಗುರಿ ಇಡುದಕ್ಕೆ 0.42. ಟೀಚರುಗಳ ಕಲಿಕೆಯನ್ನು ಬೆಳೆಸುದು ಮತ್ತು ಮುಖ್ಯಸ್ಥರು ಸ್ವತಃ ಅವರ ಜೊತೆ ಕೂತು ಕಲಿಯುದಕ್ಕೆ 0.84, ಎಲ್ಲಕ್ಕಿಂತ ಜಾಸ್ತಿ. ಬೇರೆ ದೇಶದ ಲೆಕ್ಕ, ಹಾಗೇ ತಂದು ನಮ್ಮ ಶಾಲೆಗೆ ಅಂಟಿಸುದು ಬೇಡ, ಆದ್ರೆ ದಿಕ್ಕು ಸರಿ ಉಂಟು. ಟೀಚರುಗಳನ್ನು ತರಬೇತಿಗೆ ಕಳಿಸಿ ತಾನು ಆಫೀಸಲ್ಲಿ ಕೂರುವ ಹೆಡ್‌ಮಾಷ್ಟ್ರಿಗೂ, ಭಿನ್ನರಾಶಿ ಹೇಗೆ ಕಲಿಸುದು ಅಂತ ಗಣಿತದವರ ಜೊತೆ ಬೆಂಚಲ್ಲಿ ಕೂತು ತಲೆ ಕೆಡಿಸಿಕೊಳ್ಳುವವರಿಗೂ ಎಷ್ಟು ವ್ಯತ್ಯಾಸ ಅಂತ ನಾನು ಶಾಲೆ ಶಾಲೆ ತಿರುಗಿ ಕಣ್ಣಾರೆ ನೋಡಿದ್ದೇನೆ.

ಕಾಪು ಟೀಚರೇ, ನೀವು ಮೊದಲು ಕೇಳಿದ್ದು ಕ್ಲಾಸು ನೋಡಿ ಬಂದು ಎಂತ ಹೇಳುದು ಅಂತ ಅಲ್ವಾ. ಅದಕ್ಕೆ ಡಿಗ್ರಿ ಮುಗಿಯುವವರೆಗೆ ಕಾಯ್ಬೇಡಿ. ಪಾಠ ವೀಕ್ಷಣೆಗೆ ಹೋಗುವ ಹಿಂದಿನ ದಿನ ಆ ಟೀಚರ ಹತ್ತಿರ ಕೇಳಿ, ನಾಳೆ ನಾನು ಎಂತ ಗಮನಿಸ್ಬೇಕು ನಿಮಗೆ ಯಾವುದು ಕಷ್ಟ ಆಗ್ತಾ ಉಂಟು ಅಂತ. ಅವರು "ಹಿಂದಿನ ಬೆಂಚಿನವರು ಉತ್ತರವೇ ಕೊಡುದಿಲ್ಲ" ಅಂದ್ರು ಅಂತ ಇಟ್ಟುಕೊಳ್ಳಿ, ನೀವು ಅದೊಂದನ್ನೇ ನೋಡಿ, ಯಾವ ಮಗುವಿಗೆ ಎಷ್ಟು ಸಲ ಪ್ರಶ್ನೆ ಹೋಯ್ತು, ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾದ್ರು ಅಂತ ಗೀಟು ಹಾಕಿ ಬರ್ಕೊಳ್ಳಿ. ಆಮೇಲೆ ಆ ಹಾಳೆ ಅವರ ಕೈಗೇ ಕೊಡಿ, ನಿಮಗೆ ಎಂತ ಕಾಣ್ತದೆ ಅಂತ ಕೇಳಿ. ನೀವು ಕಲಿಸುವ ವಿಜ್ಞಾನದ ಕ್ಲಾಸಿಗೆ ಅವರನ್ನೂ ಕರೀರಿ, ಅವರೂ ಗೀಟು ಹಾಕ್ಲಿ. ಲಾಗ್ ಬುಕ್‌ನಲ್ಲಿ "ಪಾಠ ಸಮಾಧಾನಕರ" ಅಂತ ಬರೆಯುದಕ್ಕಿಂತ ಇದು ನೂರು ಪಾಲು ವಾಸಿ.

ಓದಿನ ಅಭ್ಯಾಸ ಮರಳಿ ಹಿಡೀಲಿಕ್ಕೆ ದೆಹಲಿಯ ನೀಪಾದಲ್ಲಿ (ಶಿಕ್ಷಣ ಯೋಜನೆ ಮತ್ತು ಆಡಳಿತದ ರಾಷ್ಟ್ರೀಯ ಸಂಸ್ಥೆ) ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಅಂತ ಉಂಟು, ಅವರ ಆನ್‌ಲೈನ್ ಕೋರ್ಸ್ ಫ್ರೀ, ಅದನ್ನು ಮೊದಲು ಮಾಡಿ. ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಟೀಚರುಗಳಿಗೆ ಇರುವ ನಿಷ್ಠಾ ತರಬೇತಿಯಲ್ಲಿಯೂ ನಾಯಕತ್ವದ ಭಾಗ ಉಂಟು. ನಮ್ಮ ರಾಜ್ಯಕ್ಕೆ ಧಾರವಾಡದ ಸಿಸ್ಲೆಪ್ ಅಂತ ಶಾಲಾ ನಾಯಕತ್ವದ ಸಂಸ್ಥೆ ಉಂಟು, ಹಿಂದೆ ಸೀಮ್ಯಾಟ್ ಅಂತಿದ್ದದ್ದು, ಮುಖ್ಯ ಶಿಕ್ಷಕರ ತರಬೇತಿಗೆ ಹೆಸರು ಬಂದ್ರೆ ತಪ್ಪಿಸಿಕೊಳ್ಳಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಟೀಚರಿಗೂ ಮುಖ್ಯಸ್ಥರಿಗೂ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಆಗ್ಬೇಕು ಅಂತ ಹೇಳ್ತದೆ. ಆ ಗಂಟೆಗಳನ್ನು ವೀಡಿಯೋ ಓಡಿಸಿ ಸರ್ಟಿಫಿಕೇಟ್ ಡೌನ್‌ಲೋಡ್ ಮಾಡ್ಲಿಕ್ಕೆ ಬಳಸುವವರನ್ನು ನೋಡಿ ನನಗೆ ಸಂಕಟ ಆಗ್ತದೆ. ಅದು ನಮ್ಮ ಹಕ್ಕಿನ ಟೈಮು.

---

ಹೊಸ_ಮಾಷ್ಟ್ರು_ಕಾರ್ಕಳ

ಸರ್, ಗೀಟು ಹಾಕುವ ವಿಷಯ ನಾಳೆಯೇ ನಮ್ಮ ಸ್ಟಾಫ್ ರೂಮಲ್ಲಿ ಹೇಳ್ತೇನೆ. ಎಂಟನೇ ಕ್ಲಾಸಿನ ಮಕ್ಕಳ ಬಗ್ಗೆ ಹೇಳಿದ್ದು ಹೌದು, ನಮ್ಮಲ್ಲಿಯೂ ಇದ್ದಾರೆ.

---

ಬಿಸಿರೋಡ್_ಮಾಷ್ಟ್ರು

ಒಂದು ಸೇರಿಸ್ತೇನೆ. ಒಬ್ಬರೇ ಮಾಡ್ಬೇಡಿ. ಪಕ್ಕದ ಶಾಲೆಯ ಇನ್ನೊಬ್ಬ ಪ್ರಭಾರಿ ಖಂಡಿತ ಇದ್ದಾರೆ, ಇಬ್ಬರೂ ಒಟ್ಟಿಗೆ ಸೇರಿ, ಶನಿವಾರ ಮಧ್ಯಾಹ್ನ ಯಾರದ್ದಾದ್ರೂ ಶಾಲೆಯಲ್ಲಿ ಕೂತು ಓದಿ. ಮನೆಗೆ ಹೋದ ಮೇಲೆ ಓದ್ತೇನೆ ಅಂದ್ರೆ ಹೆಂಗಸರಿಗೆ ಮನೆ ಬಿಡುದಿಲ್ಲ, ನನ್ನ ಹೆಂಡತಿ ಸಹ ಟೀಚರ್, ಅವಳ ಕಷ್ಟ ನೋಡಿಯೇ ಹೇಳ್ತಿದ್ದೇನೆ. ಮಳೆ ರಜೆ ಸರಿದೂಗಿಸ್ಲಿಕ್ಕೆ ಶನಿವಾರ ಪೂರ್ತಿ ದಿನ ಕ್ಲಾಸು ಇಟ್ರೆ ಆ ವಾರ ಬಿಟ್ಟುಬಿಡಿ.

---

ಕಾಪು_ಟೀಚರ್

ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ಇಜ್ಞಾನಕೋಶದಿಂದ 044 ಇಳಿಸಿ ಓದ್ಲಿಕ್ಕೆ ಶುರು ಮಾಡಿದೆ, ಸಂಸ್ಥೆ ನಿರ್ವಹಣೆಯ ಭಾಗ ಓದುವಾಗ ನಮ್ಮ ಶಾಲೆಯದ್ದೇ ಮುಖಗಳು ಕಣ್ಣೆದುರು ಬಂತು. ಇಗ್ನೋ ಎಂಎ, ಜುಲೈ ಸೆಷನ್, 4 ವರ್ಷದ ಲೆಕ್ಕದಲ್ಲಿ ನಿಧಾನ ಮಾಡುದು ಅಂತ ತೀರ್ಮಾನ. ಅದಕ್ಕೆ ಮೊದಲು ನೀಪಾದ್ದು ಮಾಡ್ತೇನೆ. ಅನುಮತಿ ಅರ್ಜಿ ಸೋಮವಾರ ಸಂಚಾಲಕರಿಗೆ ಕೊಡ್ತೇನೆ. ಪಡುಬಿದ್ರಿ ಕಡೆ ಒಬ್ಬರು ಪ್ರಭಾರಿ ಟೀಚರಿಗೆ ಫೋನ್ ಮಾಡಿದೆ, ಅವರಿಗೂ ಆಸೆ ಉಂಟಂತೆ, ಯಾರಾದ್ರೂ ಜೊತೆಗೆ ಸಿಗ್ಲಿ ಅಂತ ಕಾಯ್ತಾ ಇದ್ರಂತೆ.

ಸುರತ್ಕಲ್ ಮೇಡಂ, ಒಂದು ಮಾತ್ರ ಹೇಳಿ, ಅಡ್ಮಿಷನ್ ಫಾರ್ಮಲ್ಲಿ ಡೆಬ್ ಐಡಿ ಅಂತ ಕೇಳ್ತದೆ, ಅದು ಎಂತದು?

---

ಸುರತ್ಕಲ್_ಮೇಡಂ

ಅದು ಯುಜಿಸಿ ದೂರಶಿಕ್ಷಣ ಬ್ಯೂರೋದ ಐಡಿ, ಈಗ ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸಿಗೆ ಸೇರುವವರಿಗೆ ಕಡ್ಡಾಯ. ಮೊದಲು ಡಿಜಿಲಾಕರ್‌ನಲ್ಲಿ ಎಬಿಸಿ ಐಡಿ (ನಮ್ಮ ಕ್ರೆಡಿಟ್‌ಗಳ ಲೆಕ್ಕ ಇಡುವ ಖಾತೆ) ಮಾಡ್ಕೊಳ್ಳಿ, ಆಮೇಲೆ ಯುಜಿಸಿಯ ಆ ಪೋರ್ಟಲಿಗೆ ಹೋಗಿ ಡೆಬ್ ಐಡಿ ತೆಗೀರಿ. ಆಧಾರ್‌ನಲ್ಲಿ ಮತ್ತು ಮಾರ್ಕ್ಸ್ ಕಾರ್ಡಲ್ಲಿ ಹೆಸರು ಒಂದೇ ತರ ಉಂಟಾ ಮೊದಲೇ ನೋಡಿ, ಮದುವೆ ಆದ ಮೇಲೆ ಇನಿಶಿಯಲ್ ಬದಲಾದವರಿಗೆ ಅಲ್ಲಿಯೇ ಸಿಕ್ಕಿ ಬೀಳುದು. ಸರಿ ಮಾಡಿಸ್ಲಿಕ್ಕೆ ಇದ್ರೆ ಈಗಲೇ ಸೇವಾ ಕೇಂದ್ರಕ್ಕೆ ಹೋಗಿ ಬನ್ನಿ, ಜುಲೈಯಲ್ಲಿ ಅಲ್ಲಿ ರಶ್ ಇರ್ತದೆ.